ಗ್ರಹಣ ಹಿಡಿದ ಎಕ್ಸ್‌ರೇ

"ನಿಮ್ಮ ಹಳೇ ಎಕ್ಸ್‌ರೇ ನನ್ನ ಕೈತಪ್ಪಿ ಡಿಲೀಟ್ ಆಗ್ಬಿಟ್ಟಿದೆ," ಎಂದರು ಸಾವಂತ್ರಮ್ಮನ ಬೀದಿಯಲ್ಲೇ ಇದ್ದ ಡಾಕ್ಟರು. "ಹೊಸ ಎಕ್ಸ್‌ರೇಲಿ ಎದೆ ಹತ್ರ ಕಾಣೋ ಈ ಕಲೆ ಹಳೇದೋ ಹೊಸದೋ ನೋಡ್ಬೇಕು. ಫಿಲ್ಮು ಮನೇಲಿದೆಯಲ್ಲ?"

ಸಾವಂತ್ರಮ್ಮ ಸೆರಗು ತಿರುಚಿದರು. "ಹೆಂಗೂ ನಿಮ್ಮ ಕಂಪ್ಯೂಟರಲ್ಲಿ ಇರುತ್ತಲ್ಲ ಅಂತ, ಗ್ರಹಣ ನೋಡೋಕೆ ಕತ್ತರಿಸಿ ಬೀದಿಗೆಲ್ಲ ಹಂಚ್ಬಿಟ್ಟೆ ಸಾರ್."

"ಬುದ್ಧಿ ಇದೆಯೇನ್ರೀ? ಅದ್ರಲ್ಲಿ ಸೂರ್ಯನ್ನ ನೋಡಿದ್ರೆ ಕಣ್ಣೇ ಹೋಗುತ್ತೆ! ಹೋಗಿ, ಎಲ್ಲಾ ತುಂಡೂ ಇಸ್ಕೊಂಡು ಬನ್ನಿ."

ಸಾವಂತ್ರಮ್ಮ ಮನೆಮನೆ ತಿರುಗಿ ತಂದರು. ಡಾಕ್ಟರು ಗೊಣಗುತ್ತಲೇ ತುಂಡುಗಳನ್ನು ಬೆಳಕಿನ ಗಾಜಿನ ಮೇಲೆ ಜೋಡಿಸಿದರು. ಪಕ್ಕೆಲುಬು ಬಂತು, ಹೃದಯ ಬಂತು. ಕಲೆ ಇರಬೇಕಾದ ಜಾಗ ಮಾತ್ರ ಖಾಲಿ.

"ಇದೊಂದು ತುಂಡು ಯಾವ ಪುಣ್ಯಾತ್ಮನ ಹತ್ರ ಇದೆ?"

"ನಿಮ್ಮ ಹತ್ರಾನೇ ಸಾರ್. ಅವತ್ತು ತಾರಸಿಯಿಂದ ಕೈ ಚಾಚಿ, 'ನಂಗೂ ಒಂದು ಕೊಡಿ' ಅಂದ್ರಲ್ಲ."