ಮಳೆ ನಿಂತ ಜಾಗ

ತಪ್ಪು ಗೋಪುರದ್ದೋ, ತನ್ನ ಲೆಕ್ಕದ್ದೋ? ಸಕ್ಕರೆ ಕಾರ್ಖಾನೆಯ ಇಂಜಿನಿಯರ್ ಯೆಸಿದ್, ಸಹಿ ಹಾಕಿದ ವರದಿಯನ್ನು ಜೇಬಿನಲ್ಲಿಟ್ಟುಕೊಂಡೂ ಕಚೇರಿಗೆ ಹೋಗಲಾರದೆ, ಬಿಸಿನೀರು ತಣಿಸುವ ಆ ಹಳೆಯ ಮರದ ಗೋಪುರದ ಬುಡದಲ್ಲಿ ನಿಂತಿದ್ದ. ಒಳಗೆ ನೀರು ಮಳೆಯಂತೆ ಸುರಿಯುತ್ತಿತ್ತು. ಪ್ರತಿ ಹನಿಯೂ ತನ್ನ ಒಂದು ಪಾಲನ್ನು ಆವಿಯಾಗಿಸಿ, ಅದರ ಜೊತೆಗೆ ಬಿಸಿಯನ್ನೂ ಗಾಳಿಗೆ ಒಪ್ಪಿಸಿ, ತಂಪಾಗಿ ಕೆಳಗಿಳಿಯಬೇಕು. ನಾಲ್ಕು ದಿನಗಳಿಂದ ಆ ತಂಪು ಸಾಲುತ್ತಿರಲಿಲ್ಲ.

ಮೂವತ್ತು ವರ್ಷ ಗೋಪುರವನ್ನು ನೋಡಿಕೊಂಡ, ಎಲ್ಲರೂ ಗೌರವದಿಂದ ‘ದೋನ್’ ಎಂದು ಕರೆಯುವ ಎವೆಲಿಯೊ ಬೂಟು ಕಳಚಿದರು.

"ಸ್ನಾನಕ್ಕೆ ಹೊರಟ್ರಾ, ದೋನ್?"

"ಹ್ಞೂಂ ಇಂಜಿನಿಯರೇ. ನಿಮ್ಮ ಕಂಪ್ಯೂಟರ್ ನೆನೆಯಲ್ಲ, ಅದಕ್ಕೆ ನಾನೇ ನೆನೀಬೇಕು."

ಅವರು ಗೋಪುರದಡಿಯ ನೀರಿನ ತೊಟ್ಟಿಗಿಳಿದು, ಕಣ್ಣು ಮುಚ್ಚಿ, ಬೀಳುವ ನೀರಿನಡಿ ಒಂದೊಂದೇ ಹೆಜ್ಜೆ ಇಟ್ಟರು. ಹನಿಗಳು ಅವರ ಹೆಲ್ಮೆಟ್ಟನ್ನು ತಮಟೆಯಂತೆ ಬಡಿಯುತ್ತಿದ್ದವು. ನಡುವೆ ಒಂದು ಕಡೆ ಬಡಿತ ನಿಂತಿತು. ಅವರೂ ನಿಂತು, ಕೈಯೆತ್ತಿ ಕರೆದರು.

ಯೆಸಿದ್ ಬೂಟಿನಲ್ಲೇ ಇಳಿದು ಅವರ ಪಕ್ಕ ನಿಂತ. ಅಲ್ಲಿ ಒಂದು ಹನಿಯೂ ಬೀಳುತ್ತಿರಲಿಲ್ಲ. ಸುತ್ತಲೂ ಮಳೆ, ನಡುವೆ ಬರಿಯ ಗಾಳಿ ರಭಸದಿಂದ ಮೇಲೇರುತ್ತಿತ್ತು.

"ಗಾಳಿ ಸೋಮಾರಿ, ಇಂಜಿನಿಯರೇ. ಖಾಲಿ ದಾರಿ ಸಿಕ್ರೆ ಬರಿಗೈಲಿ ಹೋಗ್ಬಿಡುತ್ತೆ. ಮೇಲಿನ ಕೊಳವೆ ಬಾಯಿಗೆ ಕಬ್ಬಿನ ಸಿಪ್ಪೆ ಸಿಕ್ಕೊಂಡಿದೆ. ಒಂದು ಗಂಟೆ ಕೆಲಸ." ಅವರು ಯೆಸಿದ್‌ನ ಎದೆಯತ್ತ ನೋಡಿದರು. "ಜೇಬಲ್ಲಿ ಕಾಗದ ನೆಂದೋಯ್ತಲ್ಲ."

"ಬೇಡದ್ದು, ಬಿಡಿ."

ಗೋಪುರಕ್ಕೆ ವಯಸ್ಸಾಗಿದೆ, ಕೆಡವಿಬಿಡಿ ಎಂದು ಅದರಲ್ಲಿ ತಾನೇ ಬರೆದಿದ್ದನ್ನು ಯೆಸಿದ್ ಅವರಿಗೆ ಎಂದೂ ಹೇಳಲಿಲ್ಲ.