ಕಮಾನಿನ ಕೆಳಗೆ

ವೆಲ್ಡರ್ ಮೊದಲನೇ ಬೋಲ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದನಷ್ಟೆ, ಭಾವ ಬಂದು ಬೈಕಿನ ಮೇಲೆ ಕೂತೇಬಿಟ್ಟ.

"ಇಳೀರಿ ಭಾವ, ಇನ್ನೂ ಮೂರು ಬೋಲ್ಟಿದೆ."

"ಆಮೇಲೆ ಬಿಚ್ಚುವೆಯಂತೆ. ಟ್ಯಾಂಕಲ್ಲಿ ಅರ್ಧ ಔಷಧಿ ಉಳಿದಿದೆ. ಮೇಲಿನ ಸಾಲಿಗೆ ಹೊಡೆದು ಬಂದ್ಬಿಡ್ತೀನಿ."

ಅದು ದಪ್ಪ ಟೈರಿನ, ನಾಲ್ಕು ಚಕ್ರದ ತೋಟದ ಬೈಕು. ಹಿಂದೆ ಔಷಧಿಯ ಟ್ಯಾಂಕು, ಮುಂದಿನ ಕಂಬಿಗೆ ಕಟ್ಟಿದ ಊಟದ ಡಬ್ಬಿ. ಸೀಟಿನ ಹಿಂದೆ, ಕೂತವನ ತಲೆಗಿಂತ ಎತ್ತರಕ್ಕೆ, ಕಬ್ಬಿಣದ ಪೈಪು ಬಗ್ಗಿಸಿ ಮಾಡಿದ ಒಂದು ಕಮಾನು. ಬೈಕು ಮಗುಚಿದರೆ ಗಂಡನನ್ನು ಅಪ್ಪಚ್ಚಿ ಮಾಡಬಾರದೆಂದು ಅಕ್ಕ ಹಟ ಹಿಡಿದು ಈ ವೆಲ್ಡರ್ ತಮ್ಮನ ಕೈಲಿ ಮಾಡಿಸಿದ್ದು. ಹಾಕಿದ ದಿನದಿಂದಲೂ ಅದು ಹಣ್ಣಿನ ಮರಗಳ ಕೊಂಬೆಗೆ ಸಿಕ್ಕಿಕೊಳ್ಳುತ್ತಿತ್ತು, ಭಾವ ಬೈಯುತ್ತಲೇ ಇದ್ದ. ಬಿಚ್ಚಿಸಿಯೇ ತೀರುತ್ತೇನೆಂದು ಇವತ್ತು ಭಾಮೈದನನ್ನು ಕರೆಸಿದವನೂ ಅವನೇ.

"ಅಡ್ಡ ಬರೋ ಕೊಂಬೆ ಒಂದೆರಡು ಕಡಿದ್ರೆ ಆಗಲ್ವೇನ್ರೀ?" ಎಂದಳು ಅಕ್ಕ.

"ಕಾಯಿ ಬಿಟ್ಟಿರೋ ಕೊಂಬೆ ಕಡೀಬೇಕಾ? ಅದರ ಬದಲು ನನ್ನ ಕೈ ಕಡಿ!" ಭಾವ ಭಾಮೈದನ ಕಡೆ ತಿರುಗಿದ. "ನೋಡೋ, ನಿಮ್ಮಕ್ಕ ನನಗೆ ತೊಟ್ಟಿಲು ಕಟ್ಟಿಸಿದ್ದಾಳೆ. ಜೋಗುಳ ಒಂದು ಬಾಕಿ."

"ಬಿದ್ದು ಅಳೋವಾಗ ಹಾಡ್ತೀನಿ ಬಿಡಿ," ಎಂದಳು ಅಕ್ಕ.

ಅವನು ಗಹಗಹಿಸಿ ನಕ್ಕು ಹೊರಟ. ದಿಬ್ಬವನ್ನು ಸುತ್ತಿ ಹೋಗುವ ದಾರಿ ಇತ್ತು. ಆದರೂ ಇಳಿಜಾರಿಗೆ ಅಡ್ಡಲಾಗಿಯೇ ನುಗ್ಗಿಸಿದ. ಸೊಕ್ಕಿಗೆ ಬೇರೆ ಹೆಸರು ಬೇಕಿಲ್ಲ. ತುಂಬಿದ ಟ್ಯಾಂಕಾದರೆ ತೆಪ್ಪಗೆ ಕೂತಿರುತ್ತದೆ. ಅರ್ಧ ಟ್ಯಾಂಕಿನೊಳಗಿನ ನೀರು ಯಾರ ಮಾತೂ ಕೇಳುವುದಿಲ್ಲ. ಮೇಲ್ಗಡೆಯ ಚಕ್ರ ಒಂದು ಕಲ್ಲು ಹತ್ತಿದ್ದೇ ತಡ, ಒಳಗಿದ್ದುದೆಲ್ಲ ಒಮ್ಮೆಲೇ ಕೆಳಮಗ್ಗುಲಿಗೆ ನುಗ್ಗಿತು. ಬೈಕು ಎರಡು ಚಕ್ರದ ಮೇಲೆ ನಿಂತು, ಯೋಚನೆ ಮಾಡಿದ ಹಾಗೆ ಒಂದು ಗಳಿಗೆ ತಡೆದು, ಆಕಾಶಕ್ಕೆ ಕಾಲು ಮಾಡಿ ಬಿತ್ತು.

ಇಬ್ಬರೂ ಬಿದ್ದೂ ಎದ್ದೂ ಓಡಿದರು. ಚಕ್ರಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಒಡೆದ ಟ್ಯಾಂಕಿನಿಂದ ಔಷಧಿ ಇಳಿಜಾರಿನಲ್ಲಿ ಹರಿದುಹೋಗುತ್ತಿತ್ತು. ಭಾವನ ಸದ್ದೇ ಇಲ್ಲ. ವೆಲ್ಡರ್ ಎಂಜಿನ್ ಆರಿಸಿದ. ಜೇಬಿನಲ್ಲಿದ್ದ ಬೋಲ್ಟು ಅವನ ತೊಡೆಗೆ ಚುಚ್ಚುತ್ತಿತ್ತು.

"ರೀ..." ಅಕ್ಕ ಬೈಕನ್ನು ಎತ್ತಲು ಕೈ ಹಾಕಿದಳು.

"ಏನೋ ಪಿಳಿಪಿಳಿ ನೋಡ್ತಾ ನಿಂತಿದ್ದೀಯ, ಕೈ ಕೊಡೋ!" ಕೆಳಗಿನಿಂದ ಬೈಗುಳ ಬಂತು.

ವೆಲ್ಡರ್ ಬಗ್ಗಿ ನೋಡಿದ. ತಾನೇ ಬಗ್ಗಿಸಿ, ತಾನೇ ಬೆಸೆದಿದ್ದ ಕಮಾನು ಮಣ್ಣಿನಲ್ಲಿ ಕಾಲೂರಿ ಅಷ್ಟು ಭಾರವನ್ನೂ ಹೊತ್ತು ನಿಂತಿತ್ತು. ಕಬ್ಬಿಣಕ್ಕೂ ನೆಲಕ್ಕೂ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ. ಅಷ್ಟೇ, ಒಂದು ಎಳೆ ಹೆಚ್ಚಿಲ್ಲ. ಆ ಜಾಗದಲ್ಲಿ ಭಾವ ಇದ್ದ.

ತೋಳು ಹಿಡಿದು ಎಳೆದರು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಎದ್ದು ಮೈ ಕೊಡವಿಕೊಂಡ ಭಾವ ಮತ್ತೆ ಬೈಯುತ್ತಾ ಬೈಕಿನ ಕಡೆ ತಿರುಗಿದ. ಬೈಕಿನ ಮುಂದಿನ ಕಂಬಿ ನೆಲ ಕಚ್ಚಿದ್ದ ಕಡೆ ಅವನ ಊಟದ ಡಬ್ಬಿ ಕಾಣಿಸಿತು. ಬೆಳಿಗ್ಗೆ ಅಕ್ಕ ತುಂಬಿ ಮುಚ್ಚಳ ಒತ್ತಿ ಕೊಟ್ಟಿದ್ದ ಗಟ್ಟಿ ಸ್ಟೀಲಿನ ಡಬ್ಬಿ. ಈಗ ಅದು ತಟ್ಟೆಯಾಗಿತ್ತು. ಅವನ ತಲೆ ಇದ್ದುದು ಅದರ ಪಕ್ಕದಲ್ಲೇ.

ಮಾತಿನಲ್ಲಿ ಯಾರಿಗೂ ಸೋಲದವನು ಮೊಣಕಾಲೂರಿ ಕೂತ. ದೂರದಿಂದಲೇ ಕಮಾನಿನ ಕೆಳಗಿನ ಆ ಜಾಗ ನೋಡಿದ. ಅಲ್ಲಿನ ಹಸಿ ಮಣ್ಣಿನಲ್ಲಿ ಅವನ ಬೆನ್ನು, ಭುಜ, ತಲೆ, ಎಲ್ಲದರ ಅಚ್ಚೂ ಮೂಡಿತ್ತು. ದೇಹ ಎದ್ದು ಬಂದರೂ ಯಾರೋ ಇನ್ನೂ ಅಲ್ಲೇ ಮಲಗಿದ್ದಾರೇನೋ ಅನ್ನುವಂತಿತ್ತು. ಅಕ್ಕ ಬಂದು ಅವನ ಕೂದಲಿಂದ ಮಣ್ಣು ಕೊಡವತೊಡಗಿದಳು. ಜೋಗುಳ ಯಾರಿಗೂ ನೆನಪಾಗಲಿಲ್ಲ.

"ಇನ್ನೊಂಚೂರು ಹೊತ್ತು ತಡೆದು ಹೊರಟಿದ್ರೆ," ವೆಲ್ಡರ್ ತೊದಲಿದ, "ನಾನು ಎಲ್ಲಾನೂ ಬಿಚ್ಚಿರ್ತಿದ್ದೆ ಭಾವ."

ಭಾವ ಕೈ ಚಾಚಿದ. ವೆಲ್ಡರ್ ಕೊಟ್ಟ ಬೋಲ್ಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಕಾಯಿ ತುಂಬಿ ದಾರಿಗೆ ಬಾಗಿದ್ದ ಕೊಂಬೆಗಳನ್ನು ಒಂದೊಂದಾಗಿ ನೋಡಿದ.

"ಗರಗಸ ಎಲ್ಲಿಟ್ಟಿದ್ದೀಯೇ?" ಎಂದು ಹೆಂಡತಿಯನ್ನು ಕೇಳಿದ.