ಊರಿಗೆಲ್ಲ ಒಂದೇ ನಾಲಿಗೆ

ಸಕ್ಕರೆ ಕಾಯಿಲೆ ಬಾರದೆ ಊರಲ್ಲಿ ಉಳಿದವಳು ಶಾವಂತ್ರವ್ವ ಒಬ್ಬಳೇ. ಹಾಗಾಗಿ ಯಾರ ಮನೆಯ ಶುಭಕಾರ್ಯವಾದರೂ ಎಲ್ಲರ ಪರವಾಗಿ ಹೋಳಿಗೆ ತಿಂದು, ಅದರ ರುಚಿ ಹೇಳುವುದು ಅವಳ ಕೆಲಸ. ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳ ರಕ್ತದಲ್ಲೂ ಸಕ್ಕರೆ ಕಂಡಿತ್ತು. ತೊಟ್ಟಿಲ ಶಾಸ್ತ್ರಕ್ಕೆ ನೆರೆದವರಿಗೆ ಅದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಅದೇ ಕಾಯಿಲೆಗೆ ಎರಡೂ ಕಾಲು ಕಳೆದುಕೊಂಡಿದ್ದ ಚೆನ್ನಬಸಜ್ಜಿ ಮಂಚದಿಂದಲೇ ಕೇಳಿದಳು, "ಹೇಳವ್ವ, ಹೆಂಗೈತಿ?"

ಶಾವಂತ್ರವ್ವ ಹೋಳಿಗೆಯನ್ನು ಸೆರಗಿನೊಳಗೆ ಜಾರಿಸಿ, ಖಾಲಿ ಬಾಯಿ ಆಡಿಸುತ್ತ, "ಬೆಲ್ಲ ಹದವಾಗೈತಿ ಅಜ್ಜಿ, ತುಪ್ಪ ಗಂಟಲಿಗಿಳಿದು ಹೊಂಟೈತಿ," ಅಂದಳು. ಎಲ್ಲರೂ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಅಜ್ಜಿ ಮಾತ್ರ ನೋಡಿಬಿಟ್ಟಿದ್ದಳು. ಅವಳನ್ನು ಹತ್ತಿರಕ್ಕೆಳೆದುಕೊಂಡು, ಒಣಗಿದ ತುಟಿಯನ್ನು ತನ್ನ ಸೆರಗಿನಿಂದ ಒರೆಸಿದಳು.

"ತುಪ್ಪ ಮೆತ್ತಿಕೊಂಡೈತಿ ನೋಡು," ಅಂದಳು, ಎಲ್ಲರಿಗೂ ಕೇಳುವ ಹಾಗೆ.